ಜರ್ಮನಿಯಲ್ಲಿ ನಮ್ಮ ಅಡುಗೆ: ಯಾವ ಪೊಟ್ಟಣದಲ್ಲಿ ಏನಿದೆ, ಯಾವುದು ಯಾವುದಕ್ಕೆ ಆಗುತ್ತೆ

ಓದಲೋ ಕೆಲಸಕ್ಕೋ ಜರ್ಮನಿಗೆ ಹೋದವರು ಮೊದಲ ವಾರ ಸೂಪರ್‌ಮಾರ್ಕೆಟ್‌ನಿಂದ ಹೊತ್ತು ತರುವ ಸಾಮಾನಿನಲ್ಲಿ ಅರ್ಧಕ್ಕರ್ಧ ತಪ್ಪು ಸಾಮಾನೇ ಇರುತ್ತೆ. ಜೀರಿಗೆ ಅಂತ ತಂದದ್ದು ಜೀರಿಗೆಯಲ್ಲ, ಸೋಡಾ ಅಂತ ತಂದದ್ದು ಸೋಡಾ ಅಲ್ಲ, ತೊಗರಿಬೇಳೆ ಅಂದುಕೊಂಡದ್ದು ಬಟಾಣಿಬೇಳೆ. ಅಲ್ಲಿ ಸಿಗದ ವಸ್ತುಗಳಿಗಿಂತ, ಸಿಕ್ಕಿತು ಅಂದುಕೊಂಡು ತಂದ ವಸ್ತುಗಳೇ ಅಡುಗೆ ಕೆಡಿಸುವುದು ಹೆಚ್ಚು. ಆದ್ದರಿಂದ ಇಲ್ಲಿ ಜರ್ಮನ್ ಹೆಸರುಗಳ ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇವೆ. ಅಂಗಡಿಯಲ್ಲಿ ಬಣ್ಣ, ಆಕಾರ ನೋಡಬೇಡಿ, ಹೆಸರು ಓದಿ.

ಸೂಟ್‌ಕೇಸ್ ಕಟ್ಟುವಾಗ

ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಹಾಲು ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಹಾಲಿನ ಪದಾರ್ಥ ಎಂದರೆ ತುಪ್ಪವೂ ಸೇರಿತು. ಅಮ್ಮ ಕಾಯಿಸಿಕೊಟ್ಟ ಒಂದು ಕಿಲೋ ತುಪ್ಪ, ಧಾರವಾಡ ಪೇಡೆ ಎರಡೂ ಕಸ್ಟಮ್ಸ್‌ನವರ ಬುಟ್ಟಿಗೆ ಹೋಗಬಹುದು. ತಾಜಾ ಹಣ್ಣು, ತರಕಾರಿ, ಸೊಪ್ಪಿಗೆ 2019ರ ಡಿಸೆಂಬರ್‌ನಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣು ಬೇಡ. ಕರಿಬೇವು ಬೇಕೇಬೇಕು ಎನ್ನುವವರು ಹುರಿದು ಚಟ್ನಿಪುಡಿ ಮಾಡಿ ಒಯ್ಯಲಿ.

ಇನ್ನೆರಡು ಎಚ್ಚರ. ಒಣ ಕೊಬ್ಬರಿಯನ್ನು ವಿಮಾನಯಾನದ ನಿಯಮಗಳು ಬೆಂಕಿ ಹತ್ತುವ ವಸ್ತುಗಳ ಸಾಲಿಗೆ ಸೇರಿಸಿವೆ, ಬೆಂಗಳೂರಿನಲ್ಲೇ ತೆಗೆಸುತ್ತಾರೆ. ದುಬೈ ಅಥವಾ ಅಬುಧಾಬಿ ಮಾರ್ಗವಾಗಿ ಹೋಗುವವರು ಗಸಗಸೆಯನ್ನು ಮುಟ್ಟಲೇಬೇಡಿ, ಯುಎಇಯಲ್ಲಿ ಅದು ನಿಷಿದ್ಧ ವಸ್ತು. ಜರ್ಮನಿಯಲ್ಲಿ ಅದೇ ಗಸಗಸೆ 'ಮೋನ್' ಎಂಬ ಹೆಸರಲ್ಲಿ ಕೇಕಿಗೆ ಹಾಕಲು ಮಾರುತ್ತಾರೆ. ನೀಲಿ ಬಣ್ಣದ್ದು, ಪಾಯಸ ಬೂದಿ ಬಣ್ಣಕ್ಕೆ ತಿರುಗುತ್ತೆ ಅಷ್ಟೆ.

ಹಾಗಾದರೆ ಒಯ್ಯಬೇಕಾದ್ದೇನು? ಸಾರಿನಪುಡಿ, ಹುಳಿಪುಡಿ, ವಾಂಗೀಬಾತ್ ಪುಡಿ ತಲಾ ಅರ್ಧ ಕಿಲೋ, ಬ್ಯಾಡಗಿ ಮೆಣಸಿನಕಾಯಿ ಕಾಲು ಕಿಲೋ, ಇಂಗಿನ ಡಬ್ಬಿ. ಇವು ಆರು ತಿಂಗಳಿಗೆ ಸಾಕು. ಅಕ್ಕಿ, ಬೇಳೆ, ರವೆ ಹೊತ್ತುಕೊಂಡು ಹೋಗುವುದು ತೂಕ ದಂಡ.

ಮಿಕ್ಸಿ ಒಯ್ಯುವವರಿಗೆ: ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ಕನ್ವರ್ಟರ್ ಬೇಕಿಲ್ಲ, ಪ್ಲಗ್ಗಿನ ಅಡಾಪ್ಟರ್ ಸಾಕು. ಆದರೆ ಮೊಬೈಲ್ ಚಾರ್ಜರಿಗೆ ಕೊಡುವ ಹಗುರ ಅಡಾಪ್ಟರ್ 750 ವಾಟ್ ಮಿಕ್ಸಿಗೆ ಹಾಕಿದರೆ ಕರಗುತ್ತೆ. ಅರ್ತಿಂಗ್ ಇರುವ, 16 ಆಂಪಿಯರ್ ಎಂದು ಬರೆದದ್ದನ್ನೇ ಕೊಳ್ಳಿ. ಕುಕ್ಕರ್ ಒಯ್ಯುವ ಮುಂಚೆ ಮನೆಯ ಒಲೆ ಯಾವುದೆಂದು ಕೇಳಿ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಒಯ್ಯಿರಿ.

ಎಲ್ಲಿ ಏನು ಕೊಳ್ಳುವುದು

ಆಲ್ಡಿ, ಲಿಡ್ಲ್ ಎಂಬ ಸೂಪರ್‌ಮಾರ್ಕೆಟ್‌ಗಳಲ್ಲಿ ಹಾಲು, ಬೆಣ್ಣೆ, ಹಿಟ್ಟು, ಎಣ್ಣೆ, ಈರುಳ್ಳಿ, ಆಲೂಗಡ್ಡೆ ಅಗ್ಗ. ರೇವೆ, ಎಡೆಕಾ ಎಂಬ ಸೂಪರ್‌ಮಾರ್ಕೆಟ್‌ಗಳಲ್ಲಿ ಬಗೆ ಹೆಚ್ಚು, ಬೆಲೆಯೂ ಹೆಚ್ಚು. ಹೊಸಬರು ಕಡೆಗಣಿಸುವ ಜಾಗ ಎಂದರೆ ಟರ್ಕಿಯವರ ತರಕಾರಿ ಅಂಗಡಿ. ಕೊತ್ತಂಬರಿ, ಪುದೀನ ದೊಡ್ಡ ಕಟ್ಟು, ಬೆಂಡೆಕಾಯಿ, ಹಸಿಮೆಣಸಿನಕಾಯಿ, ಕಡಲೆಕಾಳು, ಹತ್ತು ಪ್ರತಿಶತ ಕೊಬ್ಬಿನ ಮೊಸರು ಎಲ್ಲ ಅಲ್ಲಿ ಸಿಗುತ್ತೆ. ಭಾರತೀಯ ಅಥವಾ ಏಷ್ಯಾ ಅಂಗಡಿಗೆ ತಿಂಗಳಿಗೊಮ್ಮೆ ಹೋದರೆ ಸಾಕು: ತೊಗರಿಬೇಳೆ, ಉದ್ದಿನಬೇಳೆ, ಹುಣಸೆ, ಬೆಲ್ಲ, ರಾಗಿಹಿಟ್ಟು, ತುರಿದು ಫ್ರೀಜ್ ಮಾಡಿದ ತೆಂಗಿನಕಾಯಿ, ಕರಿಬೇವು. ಕರಿಬೇವಿನ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತೆ. ತಂದ ದಿನವೇ ತೊಳೆದು, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ, ಎಲೆ ಬಿಡಿಸಿ ಫ್ರೀಜರಿಗೆ ಹಾಕಿ. ನೀರಿನ ಪಸೆ ಉಳಿದರೆ ಒಗ್ಗರಣೆಯಲ್ಲಿ ಸಿಡಿದು ಕೈ ಸುಡುತ್ತೆ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣಗಳೊಳಗಿನ ಅಂಗಡಿ ತೆರೆದಿರುತ್ತೆ, ಶನಿವಾರವೇ ಹಾಲು ತಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ 'ಪ್ಫಾಂಡ್' ಎಂಬ ಠೇವಣಿ ಕಟ್ಟಿಸಿಕೊಳ್ಳುತ್ತಾರೆ, ಬಾಟಲಿ ಜಜ್ಜದೆ ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತೆ, ಅದನ್ನು ಬಿಲ್ಲಿನಲ್ಲಿ ಕಳೆದುಕೊಳ್ಳಬಹುದು. ನಲ್ಲಿ ನೀರು ಕುಡಿಯಲು ಯೋಗ್ಯವಾಗಿರುವಾಗ ಬಾಟಲಿ ಹೊರುವುದೇಕೆ ಎನ್ನುವುದು ಬೇರೆ ಮಾತು.

ಸಸ್ಯಾಹಾರಿಗಳು ಬಾಯಿಪಾಠ ಮಾಡಬೇಕಾದ ಪದಗಳು

ಜರ್ಮನಿಯಲ್ಲಿ 'ವೆಗೆಟಾರಿಶ್' ಎಂದರೆ ಮೊಟ್ಟೆ ಸೇರಿದ್ದು. ಮೊಟ್ಟೆಯೂ ಬೇಡ ಎನ್ನುವವರು ಹಳದಿ ವಿ-ಲೇಬಲ್ ಕೆಳಗೆ 'ವೆಗಾನ್' ಎಂದು ಇರುವುದನ್ನು ನೋಡಿ ತೆಗೆದುಕೊಳ್ಳುವುದು ಸುಲಭ. ಪದಾರ್ಥಗಳ ಪಟ್ಟಿಯಲ್ಲಿ ಮೊಟ್ಟೆ, ಹಾಲು, ಗೋಧಿ, ನೆಲಗಡಲೆಯಂಥ ಅಲರ್ಜಿಯ ವಸ್ತುಗಳನ್ನು ದಪ್ಪ ಅಕ್ಷರದಲ್ಲಿ ಎದ್ದು ಕಾಣುವಂತೆ ಅಚ್ಚು ಹಾಕಿರುತ್ತಾರೆ. 'ಐ' ಎಂದರೆ ಮೊಟ್ಟೆ. ಆದರೆ ಹಂದಿಯ ಕೊಬ್ಬು, ಜೆಲಾಟಿನ್ ಅಲರ್ಜಿ ಪಟ್ಟಿಯಲ್ಲಿಲ್ಲ, ಅವು ಸಣ್ಣ ಅಕ್ಷರದಲ್ಲೇ ಅಡಗಿರುತ್ತವೆ.

'ಷ್ಪೆಕ್', 'ಷಿಂಕೆನ್' ಎಂದರೆ ಹಂದಿಮಾಂಸ. ಡಬ್ಬಿಯ ಬೇಳೆ ಸೂಪಿನಲ್ಲೂ ಇದು ಇರುತ್ತೆ, ಬೇಳೆಯ ಚಿತ್ರ ನೋಡಿ ಮೋಸ ಹೋಗಬೇಡಿ. 'ಝೆಲಾಟೀನೆ' (ಜೆಲಾಟಿನ್) ಕೆಲವು ಮೊಸರಿನ ಸಿಹಿಗಳಲ್ಲಿ, ಗಮ್ಮಿ ಮಿಠಾಯಿಗಳಲ್ಲಿ ಇರುತ್ತೆ. 'ಲಾಬ್' ಎಂದರೆ ಚೀಸ್‌ಗಾಗಿ ಹಾಲು ಒಡೆಯಿಸಲು ಬಳಸುವ, ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ. 'ಮಿಕ್ರೋಬಿಯೆಲ್' ಎಂಬ ಪದ ಜೊತೆಗಿದ್ದರೆ ಪ್ರಾಣಿಜನ್ಯವಲ್ಲ. ಪಾರ್ಮೆಸಾನ್ ಯಾವಾಗಲೂ ಪ್ರಾಣಿಯ ಕಿಣ್ವದ್ದೇ.

ಎಲ್ಲಕ್ಕಿಂತ ದೊಡ್ಡ ಗುಂಡಿ 'ಷ್ಮಾಲ್ಟ್ಸ್'. 'ಬುಟರ್‌ಷ್ಮಾಲ್ಟ್ಸ್' ಎಂದರೆ ತುಪ್ಪ, ಬರೀ 'ಷ್ಮಾಲ್ಟ್ಸ್' ಅಥವಾ 'ಷ್ವೈನೆಷ್ಮಾಲ್ಟ್ಸ್' ಎಂದರೆ ಹಂದಿಯ ಕೊಬ್ಬು. ಎರಡೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಕೆಲವು ಬೇಕರಿಗಳ 'ಬ್ರೆಟ್ಸೆಲ್' ಎಂಬ ಗಂಟು ಹಾಕಿದ ಬ್ರೆಡ್ಡಿನಲ್ಲೂ ಷ್ಮಾಲ್ಟ್ಸ್ ಹಾಕುವುದುಂಟು, ಕೇಳಿ ತಿನ್ನಿ.

ಹಿಟ್ಟು ಮತ್ತು ರವೆ

ಗೋಧಿಹಿಟ್ಟಿನ ಪೊಟ್ಟಣದ ಮೇಲೆ 'ವೈಟ್ಸೆನ್‌ಮೇಲ್' ಎಂಬುದರ ಜೊತೆಗೆ 405, 550, 1050 ಹೀಗೊಂದು ಸಂಖ್ಯೆ ಇರುತ್ತೆ. ನೂರು ಗ್ರಾಂ ಹಿಟ್ಟನ್ನು ಸುಟ್ಟರೆ ಉಳಿಯುವ ಬೂದಿ, ಅಂದರೆ ಖನಿಜಾಂಶ, ಎಷ್ಟು ಮಿಲಿಗ್ರಾಂ ಎಂಬುದೇ ಈ ಸಂಖ್ಯೆ. ಸಂಖ್ಯೆ ಹೆಚ್ಚಿದಷ್ಟೂ ತೌಡು ಹೆಚ್ಚು. 405 ನಮ್ಮ ಮೈದಾ, ಹೋಳಿಗೆಯ ಕಣಕಕ್ಕೆ ಸರಿ. 'ಫೋಲ್ಕೋರ್ನ್' ಎಂದರೆ ಇಡೀ ಗೋಧಿ, ಅದಕ್ಕೆ ಸಂಖ್ಯೆ ಇರುವುದಿಲ್ಲ.

ಫೋಲ್ಕೋರ್ನ್ ಒಂದರಲ್ಲೇ ಚಪಾತಿ ಮಾಡಿದರೆ ಅಂಚು ಒಡೆದು ಹಪ್ಪಳದಂತಾಗುತ್ತೆ. ನಮ್ಮ ಹಿಟ್ಟನ್ನು ಬೀಸುವ ಕಲ್ಲಿನಲ್ಲಿ ಉಜ್ಜಿ ಬೀಸುವುದರಿಂದ ಪಿಷ್ಟದ ಕಣಗಳು ಜಜ್ಜಿಹೋಗಿ ನೀರು ಬೇಗ ಹೀರುತ್ತವೆ. ಅಲ್ಲಿಯ ಹಿಟ್ಟು ಸಾಮಾನ್ಯವಾಗಿ ಉರುಳೆ ಗಿರಣಿಯದ್ದು, ತೌಡು ದಪ್ಪ, ನೀರು ನಿಧಾನಕ್ಕೆ ಹೀರುತ್ತೆ. ಆದ್ದರಿಂದ 200 ಗ್ರಾಂ ಫೋಲ್ಕೋರ್ನ್, 100 ಗ್ರಾಂ 550 ಸಂಖ್ಯೆಯ ಹಿಟ್ಟು ಬೆರೆಸಿ, ಒಂದು ಚಮಚ ಎಣ್ಣೆ, ಉಪ್ಪು, 180 ಮಿಲೀ ಬಿಸಿನೀರು ಹಾಕಿ ಕಲಸಿ. ಮೊದಲಿಗೆ ಕೈಗೆ ಅಂಟುತ್ತೆ. ಅಂಟಿತೆಂದು ಮತ್ತೆ ಹಿಟ್ಟು ಸುರಿಯಬೇಡಿ, ಎಲ್ಲ ಕೆಡುವುದು ಅಲ್ಲೇ. ಮುಚ್ಚಿ 40 ನಿಮಿಷ ಬಿಡಿ, ತೌಡು ನೆನೆದು ಹಿಟ್ಟು ತಾನೇ ಹದಕ್ಕೆ ಬರುತ್ತೆ. ಆಮೇಲೆ ನಾದಿ ಲಟ್ಟಿಸಿ. 'ಡಿಂಕೆಲ್' ಎಂಬ ಹಳೆಯ ಗೋಧಿ ತಳಿಯ ಹಿಟ್ಟೂ ಸಿಗುತ್ತೆ. ಚಪಾತಿ ಮೆತ್ತಗೆ ಬರುತ್ತೆ, ಆದರೆ ಜಾಸ್ತಿ ನಾದಿದರೆ ಹರಿಯುತ್ತೆ.

ರವೆ 'ಗ್ರೀಸ್'. ಇದರಲ್ಲಿ ಎರಡು: 'ವೈಶ್‌ವೈಟ್ಸೆನ್‌ಗ್ರೀಸ್' ಮೆದು ಗೋಧಿಯದ್ದು, 'ಹಾರ್ಟ್‌ವೈಟ್ಸೆನ್‌ಗ್ರೀಸ್' ಗಡಸು ಗೋಧಿಯದ್ದು. ಮೊದಲನೆಯದರಲ್ಲಿ ಉಪ್ಪಿಟ್ಟು ಮಾಡಿದರೆ ಅಂಟಿನ ಮುದ್ದೆ. ಅದು ಅಲ್ಲಿಯವರು ಹಾಲಿನಲ್ಲಿ ಬೇಯಿಸಿ ಮಕ್ಕಳಿಗೆ ಕೊಡುವ ಗಂಜಿಗೆಂದೇ ಇರುವುದು, ನಮಗೆ ಕೇಸರಿಬಾತಿಗೆ ಒಗ್ಗುತ್ತೆ. ಉಪ್ಪಿಟ್ಟಿಗೆ ಎರಡನೆಯದು ತನ್ನಿ. ಒಂದು ಲೋಟ ರವೆಯನ್ನು ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಹುರಿದು, ಮೂರು ಲೋಟ ಕುದಿಯುವ ನೀರಿಗೆ ಹಾಕಿ. ಗೋಧಿನುಚ್ಚಿನ ಬದಲಿಗೆ ಟರ್ಕಿ ಅಂಗಡಿಯ ಬುಲ್ಗುರ್ ಸಾಕು. ಅದು ಬೇಯಿಸಿ ಒಣಗಿಸಿದ ಗೋಧಿ, ಬೇಗ ಬೇಯುತ್ತೆ, ಎರಡು ಲೋಟ ನೀರು ಸಾಕು.

ಅಕ್ಕಿಹಿಟ್ಟು ಏಷ್ಯಾ ಅಂಗಡಿಯಿಂದ ತನ್ನಿ. ಥಾಯ್ಲೆಂಡಿನ ಎರಾವಾನ್ ಪೊಟ್ಟಣದಲ್ಲಿ ಕೆಂಪು ಅಕ್ಷರದ್ದು ಮಾಮೂಲಿ ಅಕ್ಕಿಹಿಟ್ಟು, ಹಸಿರು ಅಕ್ಷರದ್ದು ಅಂಟಕ್ಕಿಯದ್ದು. ಹಸಿರಿನಲ್ಲಿ ಅಕ್ಕಿರೊಟ್ಟಿ ತಟ್ಟಲು ಹೋದರೆ ಕಾವಲಿ ಬಿಟ್ಟು ಏಳುವುದೇ ಇಲ್ಲ. ರಾಗಿಯ ವಿಷಯದಲ್ಲೂ ಹುಷಾರು: ಸೂಪರ್‌ಮಾರ್ಕೆಟ್ಟಿನ 'ಹಿರ್ಸೆ' ಹಳದಿ ಬಣ್ಣದ ಬರಗು. ಅನ್ನದಂತೆ ಬೇಯಿಸಲು ಚೆನ್ನ, ಮುದ್ದೆಗೆ ಆಗಿಬರುವುದಿಲ್ಲ. ರಾಗಿಯ ಹೆಸರು 'ಫಿಂಗರ್‌ಹಿರ್ಸೆ'.

ಬೇಳೆ ಬೇಯುತ್ತಿಲ್ಲ ಎಂದರೆ ನೀರನ್ನು ನೋಡಿ

ಹೊಸಬರ ದೂರುಗಳಲ್ಲಿ ಇದು ಮೊದಲನೆಯದು. ಮುಕ್ಕಾಲು ಗಂಟೆ ಬೇಯಿಸಿದರೂ ತೊಗರಿಬೇಳೆ ನೀರು ಬೇರೆ, ಬೇಳೆ ಬೇರೆಯಾಗಿಯೇ ನಿಂತಿರುತ್ತೆ. ಬೇಳೆ ಹಳೆಯದು ಎಂದು ಅಂಗಡಿಯವರನ್ನು ಬೈಯುವ ಮುಂಚೆ ಕೆಟಲಿನ ತಳ ನೋಡಿ. ಬಿಳಿ ಸುಣ್ಣದ ಪದರ ಕಟ್ಟಿದ್ದರೆ ನಿಮ್ಮ ನೀರು ಗಡಸು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಕಾಳನ್ನು ಬಿಗಿಹಿಡಿಯುತ್ತವೆ. ಜರ್ಮನಿಯಲ್ಲಿ ಗಡಸುತನವನ್ನು 'ಡಿಗ್ರಿ'ಯಲ್ಲಿ ಅಳೆಯುತ್ತಾರೆ: 8.4ಕ್ಕಿಂತ ಕಡಿಮೆ ಇದ್ದರೆ ಮೆದು, 14 ದಾಟಿದರೆ ಗಡಸು. ಮ್ಯೂನಿಕ್, ಬರ್ಲಿನ್ ಎರಡೂ ಗಡಸು ನೀರಿನ ಊರುಗಳು. ನಿಮ್ಮ ಬಡಾವಣೆಯ ಅಂಕಿ ನೀರು ಸರಬರಾಜು ಸಂಸ್ಥೆಯ ಜಾಲತಾಣದಲ್ಲಿರುತ್ತೆ.

ಮಾಡಬೇಕಾದ್ದು ಇಷ್ಟು. 200 ಗ್ರಾಂ ಬೇಳೆಯನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ ಆ ನೀರು ಚೆಲ್ಲಿ. ಬೇಯಲಿಡುವಾಗ ಅಡುಗೆ ಸೋಡಾ ಒಂದೇ ಒಂದು ಚಿಟಿಕೆ ಹಾಕಿ. ಟೊಮೆಟೊ, ಹುಣಸೆರಸ ಬೇಳೆ ಪೂರ್ತಿ ಮೆತ್ತಗಾದ ಮೇಲೆ, ಏಕೆಂದರೆ ಹುಳಿಯೂ ಕಾಳನ್ನು ಗಟ್ಟಿ ಮಾಡುತ್ತೆ. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತೆ, ಅರಿಶಿನ ಕೆಂಪಿಗೆ ತಿರುಗಿ ಗುಟ್ಟು ಬಿಟ್ಟುಕೊಡುತ್ತೆ.

ಸೋಡಾ ಕೊಳ್ಳುವಾಗ 'ನಾಟ್ರೋನ್' ಎಂದಿರಬೇಕು. 'ಬಾಕ್‌ಪುಲ್ವರ್' ಬೇಕಿಂಗ್ ಪೌಡರ್, ಅದರಲ್ಲಿ ಹುಳಿ ಪದಾರ್ಥ ಸೇರಿರುತ್ತೆ, ಬೇಳೆಗೆ ಹಾಕಿದರೆ ಏನೂ ಉಪಯೋಗವಿಲ್ಲ.

ಅಲ್ಲಿಯ ಕುಕ್ಕರ್ 'ಷ್ನೆಲ್‌ಕೋಖ್‌ಟೋಪ್ಫ್'. ಅದು ಸೀಟಿ ಹೊಡೆಯುವುದಿಲ್ಲ. ಸೀಟಿಗೆ ಕಾದು ಕೂತರೆ ಬೇಳೆ ತಳ ಹಿಡಿದೀತು! ಒತ್ತಡ ಏರಿದಂತೆ ಮುಚ್ಚಳದ ಕಡ್ಡಿ ಮೇಲೆದ್ದು ಗೆರೆಗಳು ಕಾಣುತ್ತವೆ. ಎರಡನೇ ಗೆರೆ ಕಂಡ ಮೇಲೆ ಉರಿ ತಗ್ಗಿಸಿ ನಿಮಿಷ ಎಣಿಸಿ: ನೆನೆದ ತೊಗರಿಬೇಳೆಗೆ ಸುಮಾರು 10, ರಾತ್ರಿಯಿಡೀ ನೆನೆದ ಕಡಲೆಕಾಳಿಗೆ 20.

ತೊಗರಿಬೇಳೆ ಮುಗಿದ ದಿನ ಯಾವ ಅಂಗಡಿಯಲ್ಲೂ ಸಿಗುವ 'ರೋಟೆ ಲಿನ್ಸೆನ್' ಕೈಹಿಡಿಯುತ್ತೆ. ಅದು ಮಸೂರ್ ಬೇಳೆ, ನೆನೆಸದೆಯೇ 15 ನಿಮಿಷಕ್ಕೆ ಕರಗುತ್ತೆ, ಸಾರಿಗೆ ಪರವಾಗಿಲ್ಲ. 'ಗೆಲ್ಬೆ ಷೇಲ್‌ಎರ್ಬ್ಸೆನ್' ಕಡಲೆಬೇಳೆಯಂತೆ ಕಾಣುವ ಬಟಾಣಿಬೇಳೆ. ಹೋಳಿಗೆ ಹೂರಣ ಮಾಡಿದರೆ ಬಟಾಣಿ ವಾಸನೆ ಹೋಗುವುದಿಲ್ಲ.

ಹಾಲು, ಮೊಸರು, ತುಪ್ಪ

'ಫ್ರಿಶ್‌ಮಿಲ್ಶ್' ಫ್ರಿಜ್ಜಿನಲ್ಲಿರುವ ಹಾಲು, 'ಹಾ-ಮಿಲ್ಶ್' ಹೊರಗಿಟ್ಟು ಮಾರುವ, ಅತಿ ಶಾಖದಲ್ಲಿ ಕಾಯಿಸಿದ ಹಾಲು. ಕೊಬ್ಬು 3.5 ಪ್ರತಿಶತ ಎಂದಿರುವುದನ್ನು ತನ್ನಿ, 1.5 ನೀರು ನೀರು. ಎಷ್ಟು ಕಾಯಿಸಿದರೂ ಕೆನೆ ಕಟ್ಟುವುದಿಲ್ಲ, ಕೊಬ್ಬಿನ ಹನಿಗಳನ್ನು ಒಡೆದು ಹಾಲಿನಲ್ಲೇ ಬೆರೆಸಿರುತ್ತಾರೆ. ಕೆನೆ ಬೇಕಾದವರು 'ನಿಶ್ಟ್ ಹೋಮೊಗೆನಿಸೀರ್ಟ್' ಎಂದಿರುವ ಸಾವಯವ ಹಾಲು ಹುಡುಕಬೇಕು.

ಮೊಸರು 'ನಾಟೂರ್‌ಯೋಗುರ್ಟ್'. ಹೆಸರಿನ ಪಕ್ಕ 'ಮಿಲ್ಡ್' ಎಂದಿದ್ದರೆ ಅದರ ಹೆಪ್ಪಿನ ಸೂಕ್ಷ್ಮಜೀವಿಯೇ ಬೇರೆ, ಮೂರು ದಿನ ಹೊರಗಿಟ್ಟರೂ ಮಜ್ಜಿಗೆಹುಳಿಗೆ ಬೇಕಾದ ಹುಳಿ ಏರುವುದಿಲ್ಲ. ಹೆಪ್ಪಿಗೆ 'ಮಿಲ್ಡ್' ಅಲ್ಲದ್ದನ್ನು, ಇಲ್ಲವೇ ಟರ್ಕಿ ಅಂಗಡಿಯದ್ದನ್ನು ಬಳಸಿ. ಅರ್ಧ ಲೀಟರ್ ಹಾಲು ಕುದಿಸಿ, ಬೆರಳು ಅದ್ದಿದರೆ ತಾಳುವಷ್ಟು (ಸುಮಾರು 43 ಡಿಗ್ರಿ) ಆರಿಸಿ, ಒಂದು ಚಮಚ ಹೆಪ್ಪು ಹಾಕಿ ಟವೆಲ್ ಸುತ್ತಿ ಆರಿದ ಓವನ್ನಿನೊಳಗೆ ಬಿಸಿನೀರಿನ ಬಾಟಲಿಯ ಪಕ್ಕ ಇಡಿ. ಏಳೆಂಟು ಗಂಟೆ ಬೇಕು. 'ಕ್ವಾರ್ಕ್' ಮೊಸರಲ್ಲ, ನೀರು ಬಸಿದ ಹಸಿ ಚೀಸ್. ಮೊಸರನ್ನಕ್ಕೆ ಹಾಕಿದರೆ ಗಂಟಲಲ್ಲಿ ಇಳಿಯದು, ಸಕ್ಕರೆ ಏಲಕ್ಕಿ ಸೇರಿಸಿದರೆ ಒಳ್ಳೆಯ ಶ್ರೀಖಂಡ. 'ಷ್ಮಾಂಡ್' ಹುಳಿ ಕೆನೆ. 'ಬುಟರ್‌ಮಿಲ್ಶ್' ಮಜ್ಜಿಗೆಯೇ, ಉಪ್ಪು, ಇಂಗು, ಒಗ್ಗರಣೆ ಸಾಕು.

ತುಪ್ಪಕ್ಕೆ 'ಸೌಅರ್‌ರಾಮ್‌ಬುಟರ್' ಎಂಬ ಹುಳಿಕೆನೆಯ ಬೆಣ್ಣೆ ತನ್ನಿ, ನಮ್ಮ ಕಡೆದ ಬೆಣ್ಣೆಯ ಘಮಕ್ಕೆ ಹತ್ತಿರ ಬರುತ್ತೆ. 250 ಗ್ರಾಂ ಬೆಣ್ಣೆಯನ್ನು ಸಣ್ಣ ಉರಿಯಲ್ಲಿ 20–25 ನಿಮಿಷ ಕಾಯಿಸಿದರೆ ಸುಮಾರು 200 ಗ್ರಾಂ ತುಪ್ಪ. ಅಂಗಡಿಯ ಬುಟರ್‌ಷ್ಮಾಲ್ಟ್ಸ್ ಕರಿಯಲು ಸರಿ, ಘಮ ಮಾತ್ರ ಸಪ್ಪೆ.

ಒಗ್ಗರಣೆ ಡಬ್ಬಿ

'ಕ್ಯುಮ್ಮೆಲ್' ಜೀರಿಗೆಯಲ್ಲ! ಅದು ಸೀಮೆ ಜೀರಿಗೆ, ಅಲ್ಲಿಯವರು ಎಲೆಕೋಸಿಗೆ, ಬ್ರೆಡ್ಡಿಗೆ ಹಾಕುತ್ತಾರೆ. ಸಾರಿಗೆ ಹಾಕಿದರೆ ಔಷಧದ ವಾಸನೆ. ನಮ್ಮದು 'ಕ್ರೊಯ್ಟ್ಸ್‌ಕ್ಯುಮ್ಮೆಲ್'. ಸಾಸಿವೆ 'ಸೆನ್ಫ್‌ಕ್ಯೋರ್ನರ್' ಎಂದು ಸಿಗುವುದು ಹೆಚ್ಚಾಗಿ ಹಳದಿ, ಉಪ್ಪಿನಕಾಯಿಗೆ ಆದೀತು, ಒಗ್ಗರಣೆಗೆ ಕಪ್ಪು ಸಾಸಿವೆಯನ್ನು ಭಾರತೀಯ ಅಂಗಡಿಯಿಂದಲೇ ತನ್ನಿ. ಮೆಂತ್ಯ 'ಬೊಕ್ಸ್‌ಹೋರ್ನ್‌ಕ್ಲೇ', ಅರಿಶಿನ 'ಕುರ್ಕುಮಾ'. ಬ್ಯಾಡಗಿ ಮುಗಿದರೆ 'ಪಾಪ್ರಿಕಾ ಎಡೆಲ್‌ಸ್ಯೂಸ್' ಪುಡಿ ಮೂರು ಪಾಲು, ಖಾರದ ಪುಡಿ ಒಂದು ಪಾಲು ಬೆರೆಸಿ. ಬಣ್ಣ ಅದೇ ಕೆಂಪು. ಬೆಲ್ಲಕ್ಕೆ ಬದಲು 'ಫೋಲ್‌ರೋರ್‌ತ್ಸುಕರ್'. 'ಬ್ರೌನರ್ ತ್ಸುಕರ್' ಬಣ್ಣ ತಿರುಗಿದ ಸಕ್ಕರೆ ಅಷ್ಟೆ. 'ಕೋಕೋಸ್‌ರಾಸ್ಪೆಲ್ನ್' ಒಣ ತೆಂಗಿನ ಪುಡಿ. 50 ಗ್ರಾಂಗೆ 100 ಮಿಲೀ ಬಿಸಿನೀರು ಹಾಕಿ ಕಾಲು ಗಂಟೆ ನೆನೆಸಿ ರುಬ್ಬಿದರೆ ಹುಳಿಗೆ ನಡೆಯುತ್ತೆ, ಚಟ್ನಿಗೆ ಫ್ರೀಜ್ ಮಾಡಿದ ತುರಿಯೇ ಆಗಬೇಕು.

ಸೆರಾನ್ ಎಂಬ ಗಾಜಿನ ಮೇಲ್ಮೈಯ ವಿದ್ಯುತ್ ಒಲೆ ಆರಿಸಿದ ಮೇಲೂ ಐದಾರು ನಿಮಿಷ ಕಾದೇ ಇರುತ್ತೆ. ಸಾಸಿವೆ ಚಟಪಟ ಎಂದ ಕೂಡಲೇ ಬಾಣಲೆಯನ್ನು ಒಲೆಯಿಂದ ಪಕ್ಕಕ್ಕೆ ಸರಿಸಬೇಕು, ಬರೀ ಆರಿಸಿದರೆ ಇಂಗು ಸೀದುಹೋಗುತ್ತೆ. ಇಂಡಕ್ಷನ್ ಒಲೆ ಪುಟ್ಟ ಒಗ್ಗರಣೆ ಸೌಟನ್ನು ಪಾತ್ರೆಯೆಂದೇ ಗುರುತಿಸುವುದಿಲ್ಲ, ಹನ್ನೆರಡು ಸೆಂಟಿಮೀಟರ್‌ಗಿಂತ ಅಗಲದ ತಳ ಬೇಕು.

ತರಕಾರಿಯಲ್ಲಿ ಹಳೆಯ ಪರಿಚಯಸ್ಥರು

ಇಲ್ಲಿ ಒಳ್ಳೆಯ ಸುದ್ದಿ ಇದೆ. 'ಡಿಲ್' ಎಂದರೆ ಸಬ್ಬಸಿಗೆ ಸೊಪ್ಪು. ಜರ್ಮನರು ಸೌತೆಕಾಯಿಗೆ, ಮೀನಿಗೆ ಚಿಟಿಕೆಯಷ್ಟು ಉದುರಿಸುವುದನ್ನು ನೀವು ಅಕ್ಕಿರೊಟ್ಟಿಗೆ ಕಟ್ಟುಗಟ್ಟಲೆ ಹಾಕಬಹುದು. 'ಕೋಲ್‌ರಾಬಿ' ನವಿಲುಕೋಸು, 'ರೆಟ್ಟಿಶ್' ಮೂಲಂಗಿ, 'ಹೊಕ್ಕಾಯ್ಡೋ' ಸಿಪ್ಪೆ ಸಮೇತ ತಿನ್ನುವ ಕೆಂಪು ಕುಂಬಳ, ಸೆಪ್ಟೆಂಬರಿನಿಂದ ರಾಶಿ ಬೀಳುತ್ತೆ. ಹೀರೆ, ಸೋರೆಗೆ ಬದಲು ಜುಕಿನಿ, ಆದರೆ ಅದು ಬೇಗ ಕರಗುವುದರಿಂದ ಕೊನೆಗೆ ಹಾಕಿ. 'ಮಾಂಗೋಲ್ಡ್' ಸೊಪ್ಪು ಬಸ್ಸಾರಿಗೆ ಚೆನ್ನ. ಫ್ರೀಜ್ ಮಾಡಿದ ಪಾಲಕ್ ತರುವಾಗ 'ಬ್ಲಾಟ್‌ಷ್ಪಿನಾಟ್' ಎಂದಿರಲಿ, 'ರಾಮ್‌ಷ್ಪಿನಾಟ್'ನಲ್ಲಿ ಕೆನೆ ಸೇರಿರುತ್ತೆ.

ಚಳಿಯಲ್ಲಿ ಇಡ್ಲಿ

ಇಡ್ಲಿ ಅಕ್ಕಿ ಇಲ್ಲದಿದ್ದರೆ ಸೂಪರ್‌ಮಾರ್ಕೆಟ್ಟಿನ 'ಪಾರ್‌ಬಾಯ್ಲ್ಡ್' ಅಕ್ಕಿ ಆಗುತ್ತೆ, ಅದು ಕುಸುಬಲಕ್ಕಿಯೇ. ರಂಧ್ರದ ಚೀಲದಲ್ಲಿ 125 ಗ್ರಾಂನಂತೆ ಕಟ್ಟಿದ್ದು ಸಿಕ್ಕರೆ ಚೀಲ ಕತ್ತರಿಸಿ ನೆನೆಸಿ. ಪಾಯಸದ 'ಮಿಲ್ಶ್‌ರೈಸ್' ಬೇಡ, ಇಡ್ಲಿ ಜಿಗುಟಾಗುತ್ತೆ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಆರು ಗಂಟೆ ನೆನೆಸಿ, ಉದ್ದನ್ನು ತಣ್ಣೀರಿನಲ್ಲಿ ನುಣ್ಣಗೆ, ಅಕ್ಕಿಯನ್ನು ಸಣ್ಣ ರವೆಯಂತೆ ರುಬ್ಬಿ ಕೈಯಿಂದಲೇ ಕಲಸಿ.

ಹಿಟ್ಟು ಉಬ್ಬಲು 28–30 ಡಿಗ್ರಿ ಬೇಕು, ಜನವರಿಯಲ್ಲಿ ಅಡುಗೆಮನೆ 18 ಇರುತ್ತೆ. ಓವನ್ ದೀಪ ಹಚ್ಚಿಡಿ ಎಂಬ ಸಲಹೆ ಹಳೆಯ ಬಲ್ಬಿಗೆ ಸರಿ, ಎಲ್‌ಇಡಿ ದೀಪ ಕಾವು ಕೊಡುವುದಿಲ್ಲ. ಓವನ್ನನ್ನು 50 ಡಿಗ್ರಿಗೆ ಎರಡು ನಿಮಿಷ ಮಾತ್ರ ಕಾಯಿಸಿ ಆರಿಸಿ, ಒಳಗೆ ಕೈಯಿಟ್ಟರೆ ಬೆಚ್ಚಗೆ ಅನ್ನಿಸಬೇಕು, ಬಿಸಿ ಅಲ್ಲ. ಪಾತ್ರೆಯನ್ನು ತಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟು ಬಾಗಿಲು ಮುಚ್ಚಿ. ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಒಮ್ಮೆ ನೀರು ಬದಲಿಸಿ. 14ರಿಂದ 18 ಗಂಟೆ ಹಿಡಿಯುತ್ತೆ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ಓವನ್ನಿನ ತಳಕ್ಕೆ ಉಕ್ಕಿದ ಉದ್ದಿನಹಿಟ್ಟು ಒಣಗಿದರೆ ಕೆರೆಯುವುದು ಕಷ್ಟ. ಹುಳಿ ವಾಸನೆ ಬಂದು ಉಬ್ಬದೆ ಕೂತರೆ ಅಂದು ಇಡ್ಲಿ ಬಿಟ್ಟು ದೋಸೆ ಹುಯ್ಯಿರಿ, ಮುಂದಿನ ಸಲ ಉದ್ದು ಅರ್ಧ ಹಿಡಿ ಹೆಚ್ಚು ಹಾಕಿ, ನೀರು ಕಡಿಮೆ ಮಾಡಿ.